ನೀರಿಲ್ಲದ ಜೆಲ್, ನಿಲ್ಲಲೊಲ್ಲದ ಯಂತ್ರ

ಬೆಂಗಳೂರಿನ ಗರುಡಾಚಾರ್‌ಪಾಳ್ಯದಲ್ಲಿ ಕರೆಂಟು ಹೋದದ್ದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಒಂದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಡೀಸೆಲ್ ಜನರೇಟರ್ ಗುಡುಗಲು ಶುರುವಾದರೆ ಪಕ್ಕದ ಕಾಂಪೌಂಡಿನದೂ ದನಿಗೂಡಿಸುತ್ತದೆ, ಮಹದೇವಪುರದ ಕಡೆಯ ಆಫೀಸುಗಳವೂ ಸೇರಿಕೊಳ್ಳುತ್ತವೆ. 2023ರ ಮಾರ್ಚ್‌ನಲ್ಲಿ ಕೆ.ಆರ್. ಪುರ–ವೈಟ್‌ಫೀಲ್ಡ್ ನಡುವೆ ನೇರಳೆ ಮಾರ್ಗ ತೆರೆದು ಇಲ್ಲೊಂದು ಮೆಟ್ರೊ ನಿಲ್ದಾಣವಾಯಿತು. ಅದೇ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯ ಕೊಂಡಿಯೂ ಕೂಡಿಕೊಂಡು ಊರಿನ ಆಚೆ ತುದಿಯವರೆಗೆ ಕರೆಂಟಿನ ರೈಲು ಓಡಿತು. ರಸ್ತೆಯ ಹೊಗೆಗೆ ಅಷ್ಟರಮಟ್ಟಿಗೆ ಒಂದು ದಾರಿ ಕಂಡಿತು. ಬೇಸ್‌ಮೆಂಟಿನ ಹೊಗೆ ಮಾತ್ರ ಅಲ್ಲೇ ಇದೆ.

ಹೀಗಾಗಿ ಹೈಡ್ರೋಜನ್ ಸುದ್ದಿ ಬಂದಾಗಲೆಲ್ಲ ಈ ಕಡೆಯವರಿಗೆ ಹೊಳೆಯಬೇಕಾದ ಪ್ರಶ್ನೆ ಒಂದೇ: ಜನರೇಟರನ್ನು ಕಿತ್ತು ಅದೇ ಜಾಗದಲ್ಲಿ ಒಂದು ಫ್ಯುಯೆಲ್ ಸೆಲ್ ಕೂರಿಸಬಾರದೇಕೆ? ಕೇಂದ್ರ ಸಂಪುಟ 2023ರ ಜನವರಿ 4ರಂದು 19,744 ಕೋಟಿ ರೂಪಾಯಿಯ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಕೊಟ್ಟ ಮೇಲೆ ಬಸ್ಸು, ಲಾರಿ, ರೈಲು, ಉಕ್ಕು ಎಂದು ಮಾತು ಎಲ್ಲೆಲ್ಲಿಗೋ ಹೋಗಿದೆ. ಬೇಸ್‌ಮೆಂಟಿನ ಮಾತು ಅಪರೂಪ. ಅಪಾರ್ಟ್‌ಮೆಂಟಿಗೆ ಫ್ಯುಯೆಲ್ ಸೆಲ್ ಬರಬಹುದು, ಬರಲಿ ಎಂದೇ ನಾನೂ ಹೇಳುತ್ತೇನೆ. ಆದರೆ ಜನರೇಟರ್ ಮಾಡುವ ಕೆಲಸಕ್ಕಲ್ಲ. ಯಾಕೆ ಎಂಬುದು ಆ ಯಂತ್ರದ ನಟ್ಟನಡುವೆ ಇರುವ, ಕಾಲು ಮಿಲಿಮೀಟರಿನಷ್ಟು ದಪ್ಪದ ಒಂದು ಪೊರೆಯಲ್ಲಿದೆ.

ಫ್ಯುಯೆಲ್ ಸೆಲ್ ಒಳಗೆ ಬೆಂಕಿಯಿಲ್ಲ, ತಿರುಗುವ ಚಕ್ರವಿಲ್ಲ. ಒಂದು ಬದಿಗೆ ಹೈಡ್ರೋಜನ್, ಇನ್ನೊಂದು ಬದಿಗೆ ಗಾಳಿ, ನಡುವೆ ಪೊರೆ. ಪೊರೆಯ ಎರಡೂ ಮೈಗೆ ಪ್ಲಾಟಿನಂ ಪುಡಿ ಬೆರೆಸಿದ ಇಂಗಾಲದ ಲೇಪ. ಹೈಡ್ರೋಜನ್ ಪರಮಾಣು ಪ್ಲಾಟಿನಂ ಮೇಲೆ ಕೂತೊಡನೆ ಎಲೆಕ್ಟ್ರಾನ್ ಮತ್ತು ಪ್ರೋಟಾನ್ ಆಗಿ ಒಡೆಯುತ್ತದೆ. ಪೊರೆ ಪ್ರೋಟಾನನ್ನು ಮಾತ್ರ ಒಳಗೆ ಬಿಡುತ್ತದೆ. ಎಲೆಕ್ಟ್ರಾನ್ ಹೊರಗಿನ ತಂತಿಯ ದಾರಿ ಹಿಡಿಯಬೇಕು. ಆ ತಂತಿಯಲ್ಲಿ ನಿಮ್ಮ ಲಿಫ್ಟು, ಬಲ್ಬು, ನೀರಿನ ಪಂಪು. ಆಚೆ ಬದಿಯಲ್ಲಿ ಎರಡೂ ಮತ್ತೆ ಸೇರಿ, ಗಾಳಿಯ ಆಮ್ಲಜನಕದೊಂದಿಗೆ ನೀರಾಗುತ್ತವೆ. 1839ರಲ್ಲಿ ವಿಲಿಯಂ ಗ್ರೋವ್ ತೋರಿಸಿಕೊಟ್ಟ ತತ್ವ ಇದು. ಅಂದಿನಿಂದ ಇಂದಿನವರೆಗಿನ ಕಷ್ಟವೆಲ್ಲ ಪ್ರೋಟಾನ್‌ಗೆ ದಾರಿ ಕೊಟ್ಟು ಉಳಿದೆಲ್ಲವನ್ನೂ ತಡೆಯುವ ಆ ನಡುವಿನ ವಸ್ತುವಿನದು.

ಪಾಲಿಮರ್ ಪೊರೆಯ ಕಲ್ಪನೆ 1950ರ ದಶಕದ ಜನರಲ್ ಎಲೆಕ್ಟ್ರಿಕ್ ಕಂಪನಿಯದು. 1965ರಲ್ಲಿ ಅದು ಜೆಮಿನಿ 5 ನೌಕೆಯಲ್ಲಿ ಆಕಾಶಕ್ಕೂ ಹೋಯಿತು. ಅದೇ ದಶಕದ ಕೊನೆಗೆ ಡುಪಾಂಟ್ ಕಂಪನಿಯ ವಾಲ್ಟರ್ ಗ್ರೋಟ್, ದೋಸೆ ಕಾವಲಿಗೆ ಬಳಿಯುವ ಟೆಫ್ಲಾನ್‌ನ ಬೆನ್ನೆಲುಬಿಗೆ ಗಂಧಕದ ಆಮ್ಲದ ಗುಂಪುಗಳನ್ನು ನೇತುಹಾಕಿ ನೇಫಿಯಾನ್ ಎಂಬ ಪೊರೆ ಮಾಡಿದರು. ಇವತ್ತಿಗೂ ಹೈಡ್ರೋಜನ್ ಕಾರುಗಳಲ್ಲಿರುವುದು ಇದೇ ಕುಲದ್ದು. ಇದರ ಒಂದು ಹಟ: ಒದ್ದೆಯಾಗಿದ್ದರೆ ಮಾತ್ರ ಕೆಲಸ. ಪ್ರೋಟಾನ್‌ಗಳು ಅದರೊಳಗೆ ನೀರಿನ ಅಣುಗಳ ಮೂಲಕವೇ ಸಾಗಬೇಕು. ನೀರು ಆವಿಯಾಗದಿರಲೆಂದು ಸೆಲ್ಲನ್ನು 80 ಡಿಗ್ರಿ ಆಸುಪಾಸಿನಲ್ಲೇ ಇಡಬೇಕು. ಹೆಚ್ಚು ಒಣಗಿದರೆ ದಾರಿ ಮುಚ್ಚುತ್ತದೆ, ಹೆಚ್ಚು ಒದ್ದೆಯಾದರೆ ನೀರು ನಿಂತು ಗಾಳಿಯೇ ಒಳಬರುವುದಿಲ್ಲ. ಹೀಗಾಗಿ ಸೆಲ್ಲಿನ ಜೊತೆಗೆ ತೇವ ಕಾಯುವ ಒಂದು ಪರಿವಾರವೇ ಬೇಕಾಗುತ್ತದೆ.

ಅದಾದರೂ ಆಗಲಿ, ಎಂಜಿನಿಯರುಗಳು ಸಂಭಾಳಿಸುತ್ತಾರೆ. ನಮ್ಮ ಬೇಸ್‌ಮೆಂಟಿಗೆ ಅಡ್ಡಿಯಾಗುವುದು ಬೇರೆಯದು: ಹೈಡ್ರೋಜನ್ ತರುವುದೆಲ್ಲಿಂದ?

ಇಸ್ರೊಗೆ ಈ ಚಿಂತೆ ಇರಲಿಲ್ಲ. 2024ರ ಜನವರಿ 1ರಂದು ಪಿಎಸ್‌ಎಲ್‌ವಿ-ಸಿ58 ಹಾರಿದಾಗ ಅದರ ಕೊನೆಯ ಹಂತವನ್ನೇ ಪ್ರಯೋಗಶಾಲೆ ಮಾಡಿ, 350 ಕಿಲೋಮೀಟರ್ ಎತ್ತರದಲ್ಲಿ ಒಂದು ಪುಟ್ಟ ಪಾಲಿಮರ್ ಪೊರೆಯ ಫ್ಯುಯೆಲ್ ಸೆಲ್ ನಡೆಸಿ 180 ವ್ಯಾಟ್ ತೆಗೆದರು. ಅಲ್ಲಿ ಹೈಡ್ರೋಜನ್, ಆಮ್ಲಜನಕ ಎರಡೂ ಸಿಲಿಂಡರಿನಲ್ಲಿ ಶುದ್ಧವಾಗಿ ಜೊತೆಗೇ ಹೋಗಿದ್ದವು. ಐನೂರು ಮನೆಗಳ ಕಟ್ಟಡದ ಕೆಳಗೆ ಹೈಡ್ರೋಜನ್ ಸಿಲಿಂಡರುಗಳ ಸಾಲು ಇಡಲು ಅಗ್ನಿಶಾಮಕ ಇಲಾಖೆಯೂ ಒಪ್ಪಲಿಕ್ಕಿಲ್ಲ, ಮೇಲೆ ಮಲಗುವವರೂ ಒಪ್ಪಲಿಕ್ಕಿಲ್ಲ.

ಆದರೆ ಈ ಭಾಗದ ಅನೇಕ ಅಡುಗೆಮನೆಗಳಿಗೆ ಪೈಪ್ ಗ್ಯಾಸ್ ಬಂದಿದೆ. ದಾಭೋಳ್‌ನಿಂದ ಬೆಂಗಳೂರಿಗೆ ಸಾವಿರ ಕಿಲೋಮೀಟರಿನ ಗೇಲ್ ಕೊಳವೆ 2013ರಲ್ಲಿ ಮುಟ್ಟಿತು. ಅದರಲ್ಲಿ ಬರುವುದು ಮೀಥೇನ್, ಅಂದರೆ ಒಂದು ಇಂಗಾಲಕ್ಕೆ ಅಂಟಿದ ನಾಲ್ಕು ಹೈಡ್ರೋಜನ್. ಬಿಸಿ ಹಬೆಯ ಜೊತೆ ಕ್ಯಾಟಲಿಸ್ಟ್ ಮೇಲೆ ಹಾಯಿಸಿದರೆ ಹೈಡ್ರೋಜನ್ ಬಿಡಿಸಿಕೊಳ್ಳಬಹುದು. ರಿಫಾರ್ಮರ್ ಎಂಬ ಈ ಡಬ್ಬಿ ಹೊಸದೇನಲ್ಲ, ರಸಗೊಬ್ಬರ ಕಾರ್ಖಾನೆಗಳಲ್ಲಿ ಇದರ ದೈತ್ಯರೂಪ ದಶಕಗಳಿಂದ ಇದೆ. ತೊಂದರೆಯೆಂದರೆ ಹೊರಬರುವ ಅನಿಲದಲ್ಲಿ ಹೈಡ್ರೋಜನ್ ಜೊತೆ ಕಾರ್ಬನ್ ಮಾನಾಕ್ಸೈಡೂ ಇರುತ್ತದೆ. ಒಂದು ಹಂತ ತೊಳೆದ ಮೇಲೂ ಶೇಕಡಾ ಒಂದರಷ್ಟು ಉಳಿದೇ ಉಳಿಯುತ್ತದೆ.

ಮಾನಾಕ್ಸೈಡ್ ನಮ್ಮ ರಕ್ತದ ಹಿಮೋಗ್ಲೋಬಿನ್ನನ್ನು ಹಿಡಿದು ಬಿಡದಿರುವುದು ಎಲ್ಲರಿಗೂ ಗೊತ್ತು. ಪ್ಲಾಟಿನಂ ಜೊತೆಗೂ ಅದರ ವರ್ತನೆ ಹಾಗೆಯೇ. 80 ಡಿಗ್ರಿಯ ಸೆಲ್ಲಿಗೆ ಹತ್ತು ಲಕ್ಷ ಅಣುಗಳಲ್ಲಿ ಹತ್ತು ಮಾನಾಕ್ಸೈಡ್ ಇದ್ದರೂ ಸಾಕು, ಪ್ಲಾಟಿನಂ ಮೇಲಿನ ಜಾಗವನ್ನೆಲ್ಲ ಅದೇ ಆಕ್ರಮಿಸಿಕೊಂಡು ವೋಲ್ಟೇಜ್ ಕುಸಿಯುತ್ತದೆ. ಅಷ್ಟು ಶುದ್ಧ ಮಾಡಲು ರಿಫಾರ್ಮರ್ ಹಿಂದೆ ಇನ್ನೂ ಎರಡು ಡಬ್ಬಿ ಬೇಕು. ಅವುಗಳ ಬೆಲೆ, ನಿಗಾ, ರಿಪೇರಿ ಬೇರೆ. ಸೆಲ್ಲನ್ನು 160 ಡಿಗ್ರಿಗೆ ಕಾಯಿಸಿದರೆ ಚಿತ್ರ ಬದಲಾಗುತ್ತದೆ. ಆ ಶಾಖದಲ್ಲಿ ಮಾನಾಕ್ಸೈಡ್ ಪ್ಲಾಟಿನಂಗೆ ಹೆಚ್ಚು ಹೊತ್ತು ಅಂಟಿಕೊಂಡಿರಲಾರದು, ಕೂತದ್ದು ಏಳುತ್ತದೆ, ಹೈಡ್ರೋಜನ್‌ಗೆ ಜಾಗ ಸಿಗುತ್ತದೆ. ಆಗ ಶೇಕಡಾ ಒಂದರಿಂದ ಮೂರರಷ್ಟು ಮಾನಾಕ್ಸೈಡ್ ಇದ್ದರೂ ಸೆಲ್ ಸಹಿಸುತ್ತದೆ. ಹತ್ತು ಲಕ್ಷಕ್ಕೆ ಹತ್ತು ಎಲ್ಲಿ, ಹತ್ತು ಲಕ್ಷಕ್ಕೆ ಹತ್ತಿಪ್ಪತ್ತು ಸಾವಿರ ಎಲ್ಲಿ! ಎಂಬತ್ತು ಡಿಗ್ರಿ ಹೆಚ್ಚಿಸಿದ್ದಕ್ಕೆ ಸಾವಿರ ಪಟ್ಟು ಸಹನೆ ಸಿಕ್ಕಿತು. ಹೆಚ್ಚು ಶಾಖದ ಫ್ಯುಯೆಲ್ ಸೆಲ್ಲಿನ ನಿಜವಾದ ಲಾಭ ಇದು. ಕರೆಂಟು ಹೆಚ್ಚು ಬರುತ್ತದೆ ಎಂದು ಕೆಲವರು ಬರೆಯುವುದುಂಟು. ಬರುವುದಿಲ್ಲ, ಒಂದು ಚದರ ಸೆಂಟಿಮೀಟರಿಗೆ ಕಾರಿನ ಸೆಲ್ಲಿಗಿಂತ ಕಡಿಮೆಯೇ ಬರುತ್ತದೆ.

ಹೆಚ್ಚು ಶಾಖ ಎಂದೊಡನೆ ಕೆಲವರಿಗೆ ಕೆ.ಆರ್. ಶ್ರೀಧರ್ ಅವರ ಬ್ಲೂಮ್ ಎನರ್ಜಿ ಪೆಟ್ಟಿಗೆಗಳು ನೆನಪಾಗಬಹುದು. ಅವು 800 ಡಿಗ್ರಿ ಆಸುಪಾಸಿನ ಸೆರಾಮಿಕ್ ಸೆಲ್ಲುಗಳು, ಪೈಪ್ ಗ್ಯಾಸನ್ನೇ ನುಂಗುತ್ತವೆ. ಅವುಗಳ ಕಥೆ ಬೇರೆ. ಪಾಲಿಮರಿನ ಲೋಕದಲ್ಲಿ 120ರಿಂದ 180 ಡಿಗ್ರಿಯೇ ಹೆಚ್ಚಿನ ಶಾಖ. ನೀರು ಕುದಿಯುವ ಗೆರೆಯನ್ನು ದಾಟಿದ್ದೇ ಇಲ್ಲಿ ದೊಡ್ಡ ಸಾಹಸ.

ದಾಟಿದ್ದು ಹೇಗೆ? ನೀರಿನ ಬದಲು ಫಾಸ್ಫಾರಿಕ್ ಆಮ್ಲ ಹಾಕಿ. ಇದು ಅಪರೂಪದ ವಸ್ತುವಲ್ಲ. ಡಿಎಪಿ ಗೊಬ್ಬರಕ್ಕಾಗಿ ಹಡಗುಗಟ್ಟಲೆ ಮಂಗಳೂರಿನ ಬಂದರಿಗೆ ಬಂದಿಳಿಯುತ್ತದೆ, ಕೋಲಾ ಪಾನೀಯದ ಹುಳಿಯೂ ಇದರದೇ. ಗಟ್ಟಿ ಆಮ್ಲ ಪಾಕದಂತೆ ಮಂದ, 160 ಡಿಗ್ರಿಯಲ್ಲೂ ಆವಿಯಾಗುವುದು ತೀರಾ ಕಡಿಮೆ. ಅದರ ಅಣು ಪ್ರೋಟಾನನ್ನು ಕೊಡಲೂ ಬಲ್ಲದು, ಪಡೆಯಲೂ ಬಲ್ಲದು. ಹಾಗಾಗಿ ಒಂದು ಪ್ರೋಟಾನ್ ಈ ತುದಿಯಿಂದ ಆ ತುದಿಯವರೆಗೆ ತಾನೇ ಓಡಬೇಕಿಲ್ಲ. ಈ ಕಡೆಯ ಅಣು ಪಕ್ಕದ್ದಕ್ಕೆ ಒಂದು ಪ್ರೋಟಾನ್ ಕೊಟ್ಟರೆ ಅದು ತನ್ನಲ್ಲಿದ್ದ ಇನ್ನೊಂದನ್ನು ಮುಂದಿನದಕ್ಕೆ ಕೊಡುತ್ತದೆ, ಕೊನೆಯ ಅಣುವಿನಿಂದ ಬೇರೆಯೇ ಒಂದು ಪ್ರೋಟಾನ್ ಆಚೆ ಹೊರಬೀಳುತ್ತದೆ. 1806ರಲ್ಲಿ ಗ್ರೋಟ್‌ಹುಸ್ ಎಂಬ ಹುಡುಗ, ಆಗಿನ್ನೂ ಇಪ್ಪತ್ತರ ಆಸುಪಾಸು, ನೀರಿನ ಬಗ್ಗೆ ಊಹಿಸಿದ್ದ ಈ ಬಗೆ ಇಂದಿಗೂ ಅವನ ಹೆಸರಿನಲ್ಲೇ ಇದೆ.

ಆಮ್ಲದ ಫ್ಯುಯೆಲ್ ಸೆಲ್ ಹಳೆಯದೇ. ಅಂಬರ್‌ನಾಥದ ನೌಕಾ ಸಾಮಗ್ರಿ ಸಂಶೋಧನಾಲಯ ಜಲಾಂತರ್ಗಾಮಿಗಳಿಗಾಗಿ ರೂಪಿಸಿದ ವ್ಯವಸ್ಥೆ ಫಾಸ್ಫಾರಿಕ್ ಆಮ್ಲದ್ದು. 2021ರ ಮಾರ್ಚ್‌ನಲ್ಲಿ ಡಿಆರ್‌ಡಿಒ ಅದನ್ನು ನೆಲದ ಮೇಲೆ ಪರೀಕ್ಷಿಸಿ ತೋರಿಸಿತು. ಅಂಥ ಹಳೆಯ ಬಗೆಯ ಸೆಲ್ಲುಗಳಲ್ಲಿ ಆಮ್ಲವನ್ನು ಸಿಲಿಕಾನ್ ಕಾರ್ಬೈಡ್ ಪುಡಿಯ ಪದರ ಹೀರಿಟ್ಟುಕೊಂಡಿರುತ್ತದೆ. ಪುಡಿಗೆ ಮೈಬಲವಿಲ್ಲ, ತೆಳುವಾಗಿ ಎಳೆಯಲು ಬಾರದು. ಆಮ್ಲವನ್ನು ಹಿಡಿದಿಟ್ಟುಕೊಳ್ಳುವ, ಆದರೂ ಹಾಳೆಯಂತೆ ಎತ್ತಿಡಬಹುದಾದ ಪಾಲಿಮರ್ ಬೇಕಿತ್ತು. ಬಿಸಿ ಆಮ್ಲದಲ್ಲಿ ವರ್ಷಗಟ್ಟಲೆ ಕೂತರೂ ಕರಗಬಾರದು. ಬಹುತೇಕ ಪ್ಲಾಸ್ಟಿಕ್ಕುಗಳು ಈ ಪರೀಕ್ಷೆಯಲ್ಲಿ ಒಂದೇ ದಿನಕ್ಕೆ ನಪಾಸು.

ಪಾಸಾದದ್ದು ಪಾಲಿಬೆಂಜಿಮಿಡಜೋಲ್. ಇನ್ನು ಮುಂದೆ ಪಿಬಿಐ ಎನ್ನೋಣ, ನಾಲಿಗೆಗೂ ಒಳ್ಳೆಯದು. 1961ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಕಾರ್ಲ್ ಮಾರ್ವೆಲ್ ಮತ್ತು ಹರ್ವರ್ಡ್ ವೋಗೆಲ್ ಇದನ್ನು ವಿವರಿಸಿದರು. ಬೆಂಕಿ ಹಚ್ಚಿದರೂ ಗಾಳಿಯಲ್ಲಿ ಹೊತ್ತಿಕೊಳ್ಳದ ಗುಣದಿಂದ ಅಗ್ನಿಶಾಮಕ ಸಿಬ್ಬಂದಿಯ ಉಡುಪಿಗೆ ನೂಲಾಯಿತು. ಅದರ ಸರಪಳಿಯಲ್ಲಿ ಅಲ್ಲಲ್ಲಿ ಕ್ಷಾರಗುಣದ ಸಾರಜನಕ ಇದೆ, ಆಮ್ಲವನ್ನು ಹತ್ತಿರ ಕರೆಯುವುದು ಅದೇ. 1995ರಲ್ಲಿ ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ವೇನ್‌ರೈಟ್, ಸ್ಯಾವಿನೆಲ್, ಲಿಟ್ ಮೊದಲಾದವರು ಪಿಬಿಐ ಹಾಳೆಯನ್ನು ಫಾಸ್ಫಾರಿಕ್ ಆಮ್ಲದಲ್ಲಿ ನೆನೆಸಿದರೆ ನೀರಿನ ಹಂಗಿಲ್ಲದ ಪೊರೆ ಸಿಗುತ್ತದೆಂದು ತೋರಿಸಿದರು.

ನೆನೆಸುವುದರಲ್ಲಿ ಒಂದು ಮಿತಿ ಇತ್ತು. ಸರಪಳಿಯ ಪ್ರತಿ ಕೊಂಡಿಗೆ ಐದಾರು, ಬಹಳವೆಂದರೆ ಹತ್ತು ಅಣು ಆಮ್ಲ ಹಿಡಿಸಬಹುದು. ಇನ್ನೂ ತುಂಬಿದರೆ ಹಾಳೆ ಮೆತ್ತಗಾಗಿ ಹರಿಯುತ್ತದೆ. ಕಡಿಮೆ ತುಂಬಿದರೆ ಪ್ರೋಟಾನ್‌ಗೆ ದಾರಿ ಸಾಲದು. ಈ ಇಕ್ಕಟ್ಟನ್ನು ಬಿಡಿಸಿದ್ದು ಜೆಲ್.

ಜೆಲ್ ಎಂದರೇನು ಎಂದು ತಿಳಿಯಲು ಶಿವಾಜಿನಗರದಲ್ಲಿ ಒಂದು ಲೋಟ ಫಲೂದಾ ಕುಡಿದರೆ ಸಾಕು. ಅದರ ತಳದ ಕಾಮಕಸ್ತೂರಿ ಬೀಜ ಒಣಗಿದ್ದಾಗ ಸಾಸಿವೆಯಷ್ಟೇ. ನೀರಿಗೆ ಬಿದ್ದೊಡನೆ ಸುತ್ತ ಪಾರದರ್ಶಕ ಲೋಳೆ ಬೆಳೆದು ಉಬ್ಬುತ್ತದೆ. ಆ ಲೋಳೆಯಲ್ಲಿ ಹೆಚ್ಚುಕಡಿಮೆ ಎಲ್ಲವೂ ನೀರೇ. ಆದರೂ ನೀರು ಹರಿದುಹೋಗುವುದಿಲ್ಲ, ಸಕ್ಕರೆ ಜಾತಿಯ ಉದ್ದ ಸರಪಳಿಗಳ ಬಲೆಯೊಂದು ಅದನ್ನು ಹಿಡಿದಿದೆ. ಗಟ್ಟಿ ವಸ್ತು ಅಲ್ಪ, ದ್ರವ ಅಪಾರ, ಒಟ್ಟಾರೆ ಆಕಾರ ಗಟ್ಟಿಯದು. ನೀರು ಹಿಡಿದ ಇಂಥ ಜೆಲ್ಲಿಗೆ ಹೈಡ್ರೋಜೆಲ್ ಎನ್ನುತ್ತಾರೆ. ಮಕ್ಕಳ ಡೈಪರ್ ಒಳಗಿನ ಪುಡಿಯೂ ಹೈಡ್ರೋಜೆಲ್ಲೇ, ಕಣ್ಣಿನ ಮೆತ್ತನೆಯ ಲೆನ್ಸೂ ಹೈಡ್ರೋಜೆಲ್ಲೇ. 1961ರ ಕ್ರಿಸ್‌ಮಸ್ ಹೊತ್ತಿಗೆ ಚೆಕ್ ರಸಾಯನ ವಿಜ್ಞಾನಿ ಒಟ್ಟೊ ವಿಕ್ಟರ್ಲೆ ಅಡುಗೆಮನೆಯ ಮೇಜಿನ ಮೇಲೆ, ಮಗುವಿನ ಆಟಿಕೆಯ ಲೋಹದ ತುಂಡುಗಳಿಂದ ಯಂತ್ರ ಕಟ್ಟಿ ಅಂಥ ಲೆನ್ಸುಗಳನ್ನು ಎರಕಹೊಯ್ದರು.

ಈಗ ಆ ಬಲೆಯಲ್ಲಿ ನೀರಿನ ಬದಲು ಆಮ್ಲ ಇರುವಂತೆ ಮಾಡಬೇಕು. ಒಂದು ದಾರಿ, ಡೈಪರ್ ಜಾತಿಯ ಪಾಲಿಮರುಗಳನ್ನೇ ಹಿಡಿದು ಮೊದಲು ನೀರಿನಲ್ಲಿ ಉಬ್ಬಿಸಿ, ಹೆಪ್ಪುಗಟ್ಟಿಸಿ ಒಣಗಿಸಿ, ಖಾಲಿಯಾದ ಕೋಣೆಗಳಿಗೆ ಗಟ್ಟಿ ಆಮ್ಲ ತುಂಬುವುದು. ಚೀನಾದ ಕೆಲವು ಸಂಶೋಧಕರು ಪಾಲಿಅಕ್ರಿಲಮೈಡ್ ಬಳಿ ಹೀಗೆ ಕೆಲಸ ಮಾಡಿಸಿದ್ದಾರೆ. ಅಗ್ಗದ ಸರಕು, ಧಾರಾಳವಾಗಿ ಆಮ್ಲ ಕುಡಿಯುತ್ತದೆ. ನನಗೆ ಮಾತ್ರ ಇದರ ಬಾಳಿಕೆಯ ಮೇಲೆ ಭರವಸೆ ಕಡಿಮೆ: ಅಕ್ರಿಲಮೈಡಿನ ಕೊಂಡಿಗಳು ಬಿಸಿ ಆಮ್ಲದಲ್ಲಿ ನಿಧಾನಕ್ಕೆ ಬಿಚ್ಚಿಕೊಳ್ಳುವ ಜಾತಿಯವು. ವಾರಗಟ್ಟಲೆಯ ಪ್ರಯೋಗಕ್ಕೆ ಸರಿ, ವರ್ಷಗಟ್ಟಲೆಯ ಸಂಸಾರಕ್ಕೆ ಅಲ್ಲ.

ಇನ್ನೊಂದು ದಾರಿ ಹೆಚ್ಚು ಚೆಲುವಾದದ್ದು. 2000ದ ದಶಕದಲ್ಲಿ ಬ್ರಯಾನ್ ಬೆನಿಸೆವಿಚ್ ಅವರ ತಂಡ, ಆಗ ನ್ಯೂಯಾರ್ಕ್ ರಾಜ್ಯದ ರೆನ್ಸೆಲರ್ ಸಂಸ್ಥೆಯಲ್ಲಿದ್ದದ್ದು, ಪಿಬಿಐಯನ್ನು ಪಾಲಿಫಾಸ್ಫಾರಿಕ್ ಆಮ್ಲದೊಳಗೇ ಹುಟ್ಟಿಸಿತು. ಪಾಲಿಫಾಸ್ಫಾರಿಕ್ ಎಂದರೆ ನೀರು ಕಳೆದುಕೊಂಡು ಒಂದಕ್ಕೊಂದು ಬೆಸೆದುಕೊಂಡ ಫಾಸ್ಫಾರಿಕ್ ಆಮ್ಲ, ಜೇನಿಗಿಂತ ಮಂದ. ಅದರಲ್ಲಿ ಪಿಬಿಐ ಸರಾಗವಾಗಿ ಕರಗಿರುತ್ತದೆ. ಬಿಸಿಬಿಸಿ ಇರುವಾಗಲೇ ಗಾಜಿನ ಮೇಲೆ ತೆಳುವಾಗಿ ಎಳೆದು ಸುಮ್ಮನೆ ಬಿಡುತ್ತಾರೆ. ಗಾಳಿಯ ತೇವ ಒಳಗಿಳಿಯುತ್ತದೆ, ಬೆಸೆದುಕೊಂಡಿದ್ದ ಆಮ್ಲ ಆ ನೀರನ್ನು ಪಡೆದು ಬಿಡಿಬಿಡಿ ಫಾಸ್ಫಾರಿಕ್ ಆಮ್ಲವಾಗುತ್ತದೆ. ಈ ಹೊಸ ಆಮ್ಲದಲ್ಲಿ ಪಿಬಿಐಗೆ ಕರಗಿರಲಾಗದು. ಇದ್ದಲ್ಲೇ ಸರಪಳಿಗಳು ಒಂದಕ್ಕೊಂದು ತೆಕ್ಕೆಬಿದ್ದು ಬಲೆಯಾಗುತ್ತವೆ, ಆಮ್ಲವೆಲ್ಲ ಬಲೆಯೊಳಗೆ ಸಿಕ್ಕಿಬೀಳುತ್ತದೆ. ಆಮ್ಲವನ್ನು ಹೊರಗಿಂದ ತುಂಬುವ ಮಾತೇ ಇಲ್ಲ. ಹೀಗಾದ ಪೊರೆಯಲ್ಲಿ ಕೊಂಡಿಯೊಂದಕ್ಕೆ ಮೂವತ್ತಕ್ಕೂ ಹೆಚ್ಚು ಆಮ್ಲದ ಅಣುಗಳು, ತೂಕದಲ್ಲಿ ಪಾಲಿಮರಿನ ಪಾಲು ಶೇಕಡಾ ಐದರಷ್ಟಕ್ಕೂ ಇಳಿಯಬಹುದು. ಆದರೂ ಚಿಮುಟದಲ್ಲಿ ಎತ್ತಿದರೆ ಹಾಳೆ ಹಾಳೆಯಾಗಿಯೇ ಮೇಲೆ ಬರುತ್ತದೆ. ಜರ್ಮನಿಯ ಬಿಎಎಸ್‌ಎಫ್ ಸೆಲ್ಟೆಕ್ ಎಂಬ ಹೆಸರಿನಲ್ಲಿ ಮಾರಿದ್ದು ಈ ಬಗೆಯ ಪೊರೆಯನ್ನೇ.

ಗರುಡಾಚಾರ್‌ಪಾಳ್ಯದ ಲೆಕ್ಕಕ್ಕೆ ಬರೋಣ. ಇಂಥ ಸೆಲ್ ಒಂದು 0.65 ವೋಲ್ಟಿನಲ್ಲಿ ಚದರ ಸೆಂಟಿಮೀಟರಿಗೆ 0.2 ಆಂಪಿಯರ್ ಕೊಡುತ್ತದೆ ಎಂದು ಹಿಡಿಯಿರಿ, ಇದು ಅತಿಯಾಸೆಯ ಅಂಕಿಯಲ್ಲ. ಎ4 ಕಾಗದದಷ್ಟು ಅಗಲದ ಪೊರೆಯಿಂದ 81 ವ್ಯಾಟ್. 62 ಹಾಳೆ ಒಂದರ ಮೇಲೊಂದು ಪೇರಿಸಿದರೆ 40 ವೋಲ್ಟಿನಲ್ಲಿ 125 ಆಂಪಿಯರ್, ಅಂದರೆ 5 ಕಿಲೋವ್ಯಾಟ್. ಅಷ್ಟೂ ಹಾಳೆಗಳಲ್ಲಿರುವ ಆಮ್ಲ ಒಟ್ಟು ಸೇರಿಸಿದರೆ ಒಂದು ಲೀಟರೂ ತುಂಬದು.

ಹಾಳೆ ಹಾಳೆಯ ನಡುವೆ ಗ್ರಾಫೈಟ್ ಫಲಕಗಳು ಬೇಕು: ಒಂದು ಮುಖದಲ್ಲಿ ಹೈಡ್ರೋಜನ್, ಇನ್ನೊಂದರಲ್ಲಿ ಗಾಳಿ ಹರಿಯಲು ಸಣ್ಣ ಕಾಲುವೆ ಕೊರೆದವು. ಬಿಸಿ ಆಮ್ಲದ ಎದುರು ಕಬ್ಬಿಣ, ತಾಮ್ರ ನಿಲ್ಲುವುದಿಲ್ಲ. ಗರುಡಾಚಾರ್‌ಪಾಳ್ಯದಿಂದ ಕುಂದಲಹಳ್ಳಿಯ ಕಡೆ ಹೋದರೆ ಗ್ರಾಫೈಟ್ ಇಂಡಿಯಾ ಜಂಕ್ಷನ್ ಸಿಗುತ್ತದೆ. ಉಕ್ಕಿನ ಕುಲುಮೆಗಳಿಗೆ ಎಲೆಕ್ಟ್ರೋಡ್ ಮಾಡುತ್ತಿದ್ದ ಕಾರ್ಖಾನೆಯ ಕಪ್ಪು ದೂಳಿನ ವಿರುದ್ಧ ಸುತ್ತಲಿನ ನಿವಾಸಿಗಳು ವರ್ಷಗಟ್ಟಲೆ ಹೋರಾಡಿದರು, 2019ರಲ್ಲಿ ಕಾರ್ಖಾನೆ ಮುಚ್ಚಿತು, ಹೆಸರು ಮಾತ್ರ ಬಸ್ ಕಂಡಕ್ಟರುಗಳ ಬಾಯಲ್ಲಿ ಉಳಿಯಿತು. ಆ ಹೋರಾಟ ನ್ಯಾಯವಾದದ್ದೇ. ಶುದ್ಧ ಇಂಧನದ ಯಂತ್ರದೊಳಗೂ ಎಲ್ಲೋ ಯಾರದೋ ಬಟ್ಟೆ ಒಣಹಾಕುವ ಬಾಲ್ಕನಿಯ ಮೇಲೆ ದೂಳು ಕೂರಿಸಿದ ಗ್ರಾಫೈಟ್ ಇರಬಹುದು ಎಂಬುದನ್ನು ಈ ಬಡಾವಣೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ನಮ್ಮವರು ಏನು ಮಾಡಿದ್ದಾರೆ? ಊರಿನ ಆಚೆ ತುದಿಯ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ. ಶುಕ್ಲಾ ದಶಕಗಳ ಕಾಲ ಫ್ಯುಯೆಲ್ ಸೆಲ್ ಕೆಲಸ ನಡೆಸಿದರು. 2009ರಲ್ಲಿ ನೂರುಲ್ ಆಲಂ ಚೌಧುರಿ, ಎಸ್. ಸಂಪತ್ ಮತ್ತು ಶುಕ್ಲಾ ಬರೆದ ಸಮೀಕ್ಷೆಯೊಂದು ಹೈಡ್ರೋಜೆಲ್ ಪಾಲಿಮರುಗಳನ್ನೇ ವಿದ್ಯುದ್ವಾಹಕ ಮಾಧ್ಯಮವಾಗಿ ಬಳಸುವ ಬಗೆಯನ್ನು ವಿವರಿಸುತ್ತದೆ. ಅದು ಫ್ಯುಯೆಲ್ ಸೆಲ್ಲಿಗಲ್ಲ, ಸೂಪರ್ ಕೆಪಾಸಿಟರಿಗೆ. 160 ಡಿಗ್ರಿಯಲ್ಲಲ್ಲ, ಕೋಣೆಯ ಶಾಖದಲ್ಲಿ. ಅವರ ತಂಡ ಜೆಲಟಿನ್‌ನಂಥ ಸಾಧು ವಸ್ತುವಿನಿಂದಲೂ ಕೆಲಸ ತೆಗೆದಿತ್ತು. ಜೆಲಟಿನ್ 160 ಡಿಗ್ರಿಗೆ ಬಾರದು, ನಿಜ. ಆದರೆ ದ್ರವವನ್ನು ಚೆಲ್ಲದಂತೆ ಹಿಡಿದು, ಅದರೊಳಗಿನ ಅಯಾನುಗಳಿಗೆ ಮಾತ್ರ ಓಡಾಟ ಬಿಡುವ ಬಲೆ ಕಟ್ಟುವ ಕಸುಬು ಬೆಂಗಳೂರಿಗೆ ಹೊಸದಲ್ಲ ಎಂಬುದಕ್ಕೆ ಅದು ಸಾಕ್ಷಿ.

ಹೆಚ್ಚಿನ ಶಾಖದ ಪೊರೆಯ ನೇರ ಪ್ರಯತ್ನ ನಡೆದದ್ದು ಸಿಎಸ್‌ಐಆರ್‌ನಲ್ಲಿ. ಪುಣೆ, ದೆಹಲಿ, ಕಾರೈಕುಡಿಯ ಮೂರು ಪ್ರಯೋಗಾಲಯಗಳು ಥರ್ಮ್ಯಾಕ್ಸ್ ಕಂಪನಿಯ ಜೊತೆ ಸೇರಿ ಮಾಡಿದ 5 ಕಿಲೋವ್ಯಾಟಿನ ಯಂತ್ರವನ್ನು 2019ರ ಸೆಪ್ಟೆಂಬರ್ 26ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅನಾವರಣ ಮಾಡಿದರು. ಮೆಥನಾಲ್ ಅಥವಾ ಜೈವಿಕ ಮೀಥೇನ್ ಇಂಧನ. ಕರೆಂಟೂ ಶಾಖವೂ ಸೇರಿ ಶೇಕಡಾ 70ಕ್ಕೂ ಮೀರಿದ ದಕ್ಷತೆ ಎಂದು ಆಗ ಹೇಳಲಾಯಿತು. ಮೊಬೈಲ್ ಟವರ್, ಆಸ್ಪತ್ರೆ, ದೂರದ ಊರುಗಳಿಗೆ ಎಂದು ಉದ್ದೇಶ. ಮೇಲಿನ ಎ4 ಲೆಕ್ಕಕ್ಕೆ ನಾನು 5 ಕಿಲೋವ್ಯಾಟ್ ಹಿಡಿದದ್ದು ಅದಕ್ಕೇ. ಟವರುಗಳು ನಡೆಯುವುದೂ 48 ವೋಲ್ಟಿನ ನೇರ ವಿದ್ಯುತ್ತಿನಲ್ಲೇ, ಇನ್ನೊಂದು ಹನ್ನೆರಡು ಹಾಳೆ ಸೇರಿಸಿದರೆ ಅಲ್ಲಿಗೆ ಮುಟ್ಟುತ್ತದೆ.

ಇಂಧನದ ಕಡೆಯಿಂದಲೂ ಬೆಂಗಳೂರಿನ ಒಂದು ಕೆಲಸ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ವಿಜ್ಞಾನ ಸಂಸ್ಥೆಯ ಎಸ್. ದಾಸಪ್ಪ ಅವರ ತಂಡ ಮರದ ಚೂರು, ಕೃಷಿ ತ್ಯಾಜ್ಯದಂಥ ಜೈವಿಕ ವಸ್ತುವನ್ನು ಆಮ್ಲಜನಕ ಮತ್ತು ಹಬೆಯಲ್ಲಿ ಅನಿಲವಾಗಿಸಿ, ಒಂದು ಕಿಲೋದಿಂದ 100 ಗ್ರಾಂ ಹೈಡ್ರೋಜನ್ ತೆಗೆದದ್ದನ್ನು 2022ರಲ್ಲಿ ಸಂಸ್ಥೆ ಪ್ರಕಟಿಸಿತು. ಆ ಒಂದು ಕಿಲೋದಲ್ಲಿ ಮೂಲತಃ ಇರುವ ಹೈಡ್ರೋಜನ್ 60 ಗ್ರಾಂ ಮಾತ್ರ, ಉಳಿದದ್ದು ಹಬೆಯ ಕಾಣಿಕೆ. ಅದನ್ನು ಬಸ್ಸಿನ ಸೆಲ್ಲಿಗೆ ಒಗ್ಗುವಷ್ಟು ಶುದ್ಧ ಮಾಡುವುದೇ ಖರ್ಚಿನ ಭಾಗ. ಮಾನಾಕ್ಸೈಡ್ ಸಹಿಸುವ ಪೊರೆ ಇದ್ದರೆ ಆ ಶುದ್ಧೀಕರಣದ ಒಂದು ಪಾಲು ಉಳಿಯುತ್ತದೆ. ಈ ಎರಡು ಎಳೆಗಳು ಸೇರಬೇಕು ಎಂಬುದು ನನ್ನ ಆಸೆ. ಹಸಿರು ಹೈಡ್ರೋಜನ್ ಎಂದರೆ ಸೋಲಾರ್ ಫಲಕ ಮತ್ತು ನೀರು ಎಂದಷ್ಟೇ ತಿಳಿದವರಿಗೆ ಇದು ರುಚಿಸದಿರಬಹುದು.

ಇಷ್ಟೆಲ್ಲ ಇದ್ದ ಮೇಲೆ ಜನರೇಟರಿನ ಜಾಗಕ್ಕೆ ಇದು ಯಾಕೆ ಬೇಡ? ಸೆಲ್ 160 ಡಿಗ್ರಿಯಲ್ಲಿದ್ದಾಗ ಹುಟ್ಟುವ ನೀರು ಹಬೆಯಾಗಿ ಹೊರಹೋಗುತ್ತದೆ, ಆಮ್ಲದ ಗೊಡವೆಗೆ ಹೋಗುವುದಿಲ್ಲ. ಯಂತ್ರ ನಿಲ್ಲಿಸಿದಿರೋ, ಶಾಖ ನೂರರ ಕೆಳಗಿಳಿದು ಆ ಹಬೆ ಸೆಲ್ಲಿನೊಳಗೇ ನೀರಾಗುತ್ತದೆ. ಫಾಸ್ಫಾರಿಕ್ ಆಮ್ಲ ನೀರಿನಲ್ಲಿ ಎಷ್ಟು ಬೇಕಾದರೂ ಬೆರೆಯುವಂಥದ್ದು. ಜೆಲ್ ಎಷ್ಟೇ ಬಿಗಿಯಾಗಿ ಹಿಡಿದಿದ್ದರೂ ಒಂದಿಷ್ಟು ಆಮ್ಲ ಆ ನೀರಿನೊಡನೆ ಜಾರಿ ಹೊರಹೋಗುತ್ತದೆ. ಮತ್ತೆ ಚಾಲೂ ಮಾಡುವಾಗಲೂ ಅದೇ ಅಪಾಯ. 120 ಡಿಗ್ರಿ ಮುಟ್ಟುವವರೆಗೆ ಹೊರಗಿನಿಂದ ಕಾಯಿಸಿ ಆಮೇಲಷ್ಟೇ ಕರೆಂಟು ಎಳೆಯಬೇಕು. ಕರೆಂಟು ಹೋದ ಹತ್ತು ಸೆಕೆಂಡಿನಲ್ಲಿ ಎದ್ದು ನಿಲ್ಲುವ ಡೀಸೆಲ್ ಜನರೇಟರ್ ಎಲ್ಲಿ, ಕಾದು ಸಿದ್ಧವಾಗಲು ಅರ್ಧ ಗಂಟೆಗೂ ಹೆಚ್ಚು ಕೇಳುವ ಈ ಯಂತ್ರ ಎಲ್ಲಿ. ಲಿಫ್ಟಿನಲ್ಲಿ ಸಿಕ್ಕಿಕೊಂಡವರು ಅಲ್ಲಿಯವರೆಗೆ ಏನು ಮಾಡಬೇಕು?

ನಿಲ್ಲಿಸದೆ ಒಂದೇ ಸಮ ಓಡಿಸಿದರೆ ಇಂಥ ಪೊರೆ 20,000 ಗಂಟೆ ದಾಟಿದ್ದು ದಾಖಲಾಗಿದೆ, ಅಂದರೆ ಎರಡು ವರ್ಷ ಮೂರು ತಿಂಗಳು ಹಗಲೂ ರಾತ್ರಿ. ದಿನಕ್ಕೊಂದು ಗಂಟೆ ಎದ್ದು ಮಲಗುವ ಜನರೇಟರಿನ ದಿನಚರಿಗೆ ಹಾಕಿದರೆ ವರ್ಷಕ್ಕೆ 365 ಸಲ ತಣಿದು ಕಾಯುತ್ತದೆ. ದುಡಿದದ್ದಕ್ಕಿಂತ ಮಲಗಿದ್ದೇ ಅದನ್ನು ಕೊಲ್ಲುತ್ತದೆ. ಶಾಖ ಇನ್ನೂ ಹೆಚ್ಚಿಸಿದರೂ ಕೆಲಸ ಕೆಡುತ್ತದೆ: 180 ದಾಟಿದರೆ ಆಮ್ಲದ ಅಣುಗಳು ನೀರು ಕಳೆದುಕೊಂಡು ಜೋಡಿಯಾಗಿ, ಪ್ರೋಟಾನ್ ದಾರಿ ಸೊರಗುತ್ತದೆ. ಈ ಇಕ್ಕಟ್ಟನ್ನು ಅಗಲಿಸಲು 2016ರಲ್ಲಿ ಲಾಸ್ ಅಲಾಮೋಸ್ ಪ್ರಯೋಗಾಲಯದ ಯು ಸಿಯೂಂಗ್ ಕಿಮ್ ತಂಡ ಆಮ್ಲವನ್ನು ವಿದ್ಯುದಾವೇಶದ ಜೋಡಿಯಾಗಿ ಪಾಲಿಮರಿಗೆ ಕಟ್ಟಿಹಾಕುವ ಪೊರೆ ತೋರಿಸಿತು, 80ರಿಂದ 200 ಡಿಗ್ರಿವರೆಗೆ ನಡೆಯುವಂಥದ್ದು. ಅದು ಸೊಗಸಾದ ರಸಾಯನಶಾಸ್ತ್ರ. ಅಪಾರ್ಟ್‌ಮೆಂಟ್ ಸಂಘ ಕೊಟೇಶನ್ ಕೇಳಬಹುದಾದ ಸ್ಥಿತಿಗೆ ಬಂದಾಗ ಮತ್ತೆ ಮಾತಾಡೋಣ.

ಹಾಗಾದರೆ ಈ ಯಂತ್ರಕ್ಕೆ ಕೊಡಬೇಕಾದ್ದು ಎಂದೂ ಮುಗಿಯದ ಕೆಲಸ. ಅಪಾರ್ಟ್‌ಮೆಂಟಿನಲ್ಲಿ ಅಂಥದ್ದು ಇದೆ: ಕಾರಿಡಾರಿನ ದೀಪ, ನೀರಿನ ಪಂಪು, ಕೊಳಚೆ ಶುದ್ಧೀಕರಣ ಘಟಕದ ಬ್ಲೋಯರ್, ಎಲ್ಲಕ್ಕಿಂತ ಮಿಗಿಲಾಗಿ ಬಿಸಿನೀರು. 5 ಕಿಲೋವ್ಯಾಟಿನ ಯಂತ್ರ ಶೇಕಡಾ 40 ಕರೆಂಟು, ಶೇಕಡಾ 30 ಉಪಯುಕ್ತ ಶಾಖ ಕೊಟ್ಟರೆ, 25 ಡಿಗ್ರಿಯ ನೀರನ್ನು 55ಕ್ಕೆ ಏರಿಸುತ್ತ ದಿನಕ್ಕೆ ಎರಡೂವರೆ ಸಾವಿರ ಲೀಟರ್ ಕಾಯಿಸಬಹುದು. ಮನೆಗೆ 150 ಲೀಟರ್ ಎಂದರೆ 17 ಮನೆ. ಜೊತೆಗೆ 120 ಯೂನಿಟ್ ಕರೆಂಟು. ಬೆಂಗಳೂರು ಸೋಲಾರ್ ವಾಟರ್ ಹೀಟರಿನ ಊರು ಎಂಬುದೇನೋ ಸರಿ, ಆದರೆ ಇಪ್ಪತ್ತು ಮಹಡಿಯ ಕಟ್ಟಡಕ್ಕೂ ತಾರಸಿ ಒಂದೇ. ಕೆಳಗಿನ ಮಹಡಿಗಳವರು ಗೀಸರ್ ಹಾಕಿಕೊಂಡೇ ಇದ್ದಾರೆ. ಕರೆಂಟು ಹೋದಾಗಿನ ಆ ಮೊದಲ ಸೆಕೆಂಡುಗಳಿಗೆ, ಲಿಫ್ಟ್ ಮೋಟರಿನ ದಿಢೀರ್ ಎಳೆತಕ್ಕೆ ಒಂದು ಲಿಥಿಯಂ ಬ್ಯಾಟರಿ. ಅದನ್ನು ತುಂಬಿಸುವ ಕೆಲಸವೂ ಫ್ಯುಯೆಲ್ ಸೆಲ್ಲಿಗೇ. ಇಡೀ ಕಟ್ಟಡವನ್ನು ಒಂದೇ ಸಲ ಹೊರುವ ಹಳೆಯ ಜನರೇಟರ್ ಇನ್ನೂ ಕೆಲಕಾಲ ಮೂಲೆಯಲ್ಲಿ ಇರಲಿ, ಕರೆಯುವುದು ಅಪರೂಪವಾಗಲಿ.

ಪೈಪ್ ಗ್ಯಾಸಿನಿಂದ ನಡೆದರೆ ಇಂಗಾಲ ತಪ್ಪುವುದಿಲ್ಲ ಎಂಬುದನ್ನೂ ಹೇಳಬೇಕು. ಯೂನಿಟ್ಟಿಗೆ ಸುಮಾರು ಅರ್ಧ ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ದೇಶದ ಗ್ರಿಡ್ ಸರಾಸರಿ 0.7 ಕಿಲೋ ಆಸುಪಾಸು ಇರುವಾಗ ಇದು ಸುಧಾರಣೆಯೇ, ಶಾಖವನ್ನೂ ಎಣಿಸಿದರೆ ಇನ್ನೂ ಒಳ್ಳೆಯದು. ಆದರೆ ಗಾಳಿ, ಬಿಸಿಲಿನ ಕರೆಂಟು ಹೆಚ್ಚಿದಂತೆಲ್ಲ ಈ ಅನುಕೂಲ ಕರಗುತ್ತ ಹೋಗುತ್ತದೆ. ಗ್ಯಾಸಿಗೆ ವಾಸನೆ ಬರಲೆಂದು ಬೆರೆಸುವ ಗಂಧಕದ ವಸ್ತುವನ್ನು ರಿಫಾರ್ಮರಿಗೆ ಮೊದಲೇ ಸೋಸಬೇಕು. ಮಾನಾಕ್ಸೈಡ್ ಸಹಿಸುವ ಪ್ಲಾಟಿನಂ ಗಂಧಕವನ್ನು ಅದೇ ಔದಾರ್ಯದಿಂದ ಸಹಿಸದು, ಆ ಸೋಸುಕವನ್ನು ಕಾಲಕಾಲಕ್ಕೆ ಬದಲಿಸುವವರು ಯಾರು ಎಂದು ಒಪ್ಪಂದದಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು.

ಇನ್ನೊಂದು ಅಂಶವನ್ನೂ ಅಲ್ಲೇ ಬರೆಸಬಹುದು. ಸೆಲ್ಲಿನಿಂದ ಬರುವ ಹಬೆಯನ್ನು ತಣಿಸಿದರೆ ಸಿಗುವ ನೀರನ್ನು ಚರಂಡಿಗೆ ಬಿಡುವ ಮೊದಲು ತಿಂಗಳಿಗೊಮ್ಮೆ ಅದರಲ್ಲಿ ಫಾಸ್ಫೇಟ್ ಎಷ್ಟಿದೆ ಎಂದು ನೋಡಿಸಬೇಕು. ಕೆರೆ ಕೆಡುತ್ತದೆಂಬ ಭಯಕ್ಕಲ್ಲ. ಪೂರ್ತಿ ಸೋರಿದರೂ ಒಂದು ಲೀಟರಿಗಿಂತ ಕಡಿಮೆ, ನಮ್ಮ ಬಟ್ಟೆ ತೊಳೆದ ನೀರಿನ ಮುಂದೆ ಅದು ಲೆಕ್ಕಕ್ಕಿಲ್ಲ. ಪೊರೆಯ ಆಮ್ಲ ಎಷ್ಟು ಖರ್ಚಾಗಿದೆ, ಇನ್ನೆಷ್ಟು ದಿನ ಬಾಳಿಕೆ ಬಂದೀತು ಎಂಬುದನ್ನು ಯಂತ್ರ ಬಿಚ್ಚದೆ ತಿಳಿಯಲು ಅದೊಂದು ಸುಲಭದ ದಾರಿ. ಪಕ್ಕದಲ್ಲೇ ಯಂತ್ರ ಆ ತಿಂಗಳು ಎಷ್ಟು ಸಲ ನಿಂತಿತ್ತು ಎಂಬ ಅಂಕಿಯೂ ಇರಲಿ. ಎರಡು ಅಂಕಣಗಳನ್ನು ಒಟ್ಟಿಗೆ ಓದಿದರೆ, ಪೊರೆ ಬೇಗ ಹೋಯಿತೆಂದು ಕಂಪನಿಯವರನ್ನು ಕರೆಯಬೇಕೋ ಅಥವಾ ರಾತ್ರಿ ಪಾಳಿಯಲ್ಲಿ ಸ್ವಿಚ್ ಆರಿಸಿ ಮನೆಗೆ ಹೋಗುವವರನ್ನು ಕರೆಯಬೇಕೋ ಎಂಬುದು ಸಂಘದ ಕಾರ್ಯದರ್ಶಿಗೆ ತಾನಾಗಿ ತಿಳಿಯುತ್ತದೆ.